ವಸ್ತು ಸಂಖ್ಯೆ ೨೧೮

ಯಶವಂತಪುರದಲ್ಲಿ ಇಳಿದಾಗ ಇನ್ನೂ ಕತ್ತಲೆ.
ಮುಖ ತೊಳೆದು, ತಲೆ ಬಾಚಿಕೊಂಡು,
ಮೆಟ್ರೊ ಶುರುವಾಗುವ ತನಕ ಬೆಂಚಿನ ಮೇಲೆ ಕೂತೆ.
ಮಾರ್ಕೆಟ್ಟಿನ ಸ್ಟೇಷನ್ನಿಂದ ಮೇಲೆ ಬಂದರೆ
ಸೇವಂತಿಗೆಯ ರಾಶಿ, ತುಳಿದ ಎಲೆಕೋಸು, ಹಾರ್ನು.
ಚಾಮರಾಜಪೇಟೆಯ ಅಡ್ಡರಸ್ತೆ ಹೇಳಿದೆ.
ಆಟೋದವನು ನನ್ನ ಮಾತಿನ ಧಾಟಿ ಹಿಡಿದು "ಗದಗಾ?" ಅಂದ.
ಮೀಟರು ಮಾತ್ರ ಹಾಕಲಿಲ್ಲ.

ಗ್ರಂಥಾಲಯ ತೆರೆಯುವುದು ಹತ್ತೂವರೆಗೆ.
ಬಾಗಿಲಲ್ಲಿ ಒಡಿಶಾದ ಹುಡುಗ, ದಪ್ಪ ರಿಜಿಸ್ಟರು:
ಹೆಸರು, ಊರು, ಬಂದ ವೇಳೆ, ಉದ್ದೇಶ.
ನನ್ನ ಮೇಲಿನ ಸಾಲಿನವರು ಪಿಎಚ್‌ಡಿ.
ಅವರ ಮೇಲಿನವರೂ ಪಿಎಚ್‌ಡಿ.
ನಾನು "ನೋಡಲು" ಅಂತ ಬರೆದೆ.
ಚೀಲ ಲಾಕರಿಗೆ, ನೀರಿನ ಬಾಟಲಿ ಲಾಕರಿಗೆ,
ಬುತ್ತಿ ಲಾಕರಿಗೆ. ಪೆನ್ನೂ.
ಕೈಗೊಂದು ಪೆನ್ಸಿಲ್ಲು, ಮೂವತ್ತೊಂದನೇ ನಂಬರಿನ ಬಿಲ್ಲೆ.

ಒಳಗೆ ಮಾತಿಲ್ಲ.
ಮೂವತ್ತು ವರ್ಷ ಅಂಗನವಾಡಿಯಲ್ಲಿದ್ದವಳಿಗೆ
ಇಷ್ಟು ಜನರಿದ್ದೂ ಸದ್ದಿಲ್ಲದಿದ್ದರೆ
ಯಾರಿಗೋ ಜ್ವರ ಬಂದಿದೆ ಅನ್ನಿಸುತ್ತದೆ.

ಯತಿರಾಜ ಅಂತ, ನನ್ನ ಕಾಗದಕ್ಕೆ ಉತ್ತರ ಬರೆದವನು,
ಎರಡೂ ಕೈಯಲ್ಲಿ ಪೆಟ್ಟಿಗೆ ತಂದ,
ಮಲಗಿದ ಕೂಸನ್ನು ತರುವ ಹಾಗೆ.
"ಗ್ಲೌಸ್ ಹಾಕ್ಕೊಳ್ಳಿ ಅಮ್ಮ."
ಹಾಕಿಕೊಂಡೆ. ಬೆಳ್ಳಗೆ, ಯಾರದೋ ಬೆರಳು.
ಕಾಗದದ ಪದರ ಒಂದು, ಎರಡು, ಮೂರು,
ಅವ್ವನ ಕೌದಿ.

ಜೊತೆಗಿದ್ದ ಕಾರ್ಡಿನಲ್ಲಿ ಹೀಗಿತ್ತು:
ವಸ್ತು ಸಂಖ್ಯೆ ೨೧೮. ಹತ್ತಿ, ಸ್ವಲ್ಪ ರೇಷ್ಮೆ.
ಗದಗ ಸೀಮೆ. ಅಂದಾಜು ೧೯೭೦.
ಹೊಲಿದವರು: ತಿಳಿದುಬಂದಿಲ್ಲ.
ನಡುವಿನ ಕಪ್ಪು ಚೌಕ ದೃಷ್ಟಿ ನಿವಾರಣೆಗೆ ಇರಬಹುದು.

ದೃಷ್ಟಿಯಲ್ಲ ತಮ್ಮಾ, ಅದು ಕೊಡೆ.
ಅಪ್ಪನ ಕೊಡೆ, ಕಡ್ಡಿ ಮುರಿದದ್ದು.
ಆ ಹಸಿರು ನನ್ನ ಕುಂಚಿಗೆ.
ಈ ಗೆರೆಗೆರೆ ಕಾಕಾನ ಪೈಜಾಮ. ಇದನ್ನು ಮಾರಿದವನೂ ಅವನೇ,
ಜೀಪಿನಲ್ಲಿ ಬಂದವರಿಗೆ, ಹನ್ನೆರಡು ರೂಪಾಯಿಗೆ,
ಅವ್ವ ಗಿರಣಿಗೆ ಹೋಗಿದ್ದಾಗ.
ಆ ಚಳಿಗಾಲ ನಾವು ಗೋಣಿ ಹೊದ್ದೆವು.

ಹೆಸರು? ಫಕೀರವ್ವ.
ಹುಟ್ಟಿದ ವರ್ಷ?
ಅಕಿಗೇ ಗೊತ್ತಿರಲಿಲ್ಲಪಾ.
"ತಿಳಿದುಬಂದಿಲ್ಲ" ಎಂಬುದನ್ನು ರಬ್ಬರಿನಿಂದ ಅಳಿಸಿದ,
ಒಂದು ಸಾಲು ಕೆಳಗೆ ಮತ್ತೆ ಅದನ್ನೇ ಬರೆದ.

ಕಾರ್ಡಿನ ಹಿಂದೆ ಇನ್ನೂ ಸಣ್ಣ ಅಕ್ಷರ:
ಎಡ ಮೂಲೆಯ ಪದರದೊಳಗೆ ಧಾನ್ಯದ ಪುಡಿ, ಕೀಟದ ಗುರುತು.
ಬಿಚ್ಚಿ, ಸ್ವಚ್ಛಗೊಳಿಸಿ, ಮರಳಿ ಹೊಲಿಯಲಾಗಿದೆ.

ಮುಟ್ಟಿ ನೋಡಿದೆ. ಮೂಲೆ ತೆಳ್ಳಗಿತ್ತು.
ಹೊಲಿಗೆ ಅಂದವಾಗಿತ್ತು, ಅವ್ವನದಕ್ಕಿಂತ ಅಂದ.

ಹೇಗೆ ಹೇಳಲಿ. ಕೌದಿ ಮುಗಿಯುವ ದಿನ
ಕೊನೆಯ ಮೂಲೆ ಮುಚ್ಚುವ ಮೊದಲು
ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಡಬೇಕು.
ಉಪವಾಸದ ಕೌದಿ ಯಾರನ್ನು ಬೆಚ್ಚಗಿಟ್ಟೀತು?
ಅವ್ವ ಇಟ್ಟಿದ್ದಳು. ಸಕ್ಕರೆ ಇರಲಿಲ್ಲ, ಬೆಲ್ಲ.
"ಇದರ ಹೊಟ್ಟಿ ಖಾಲಿ ಮಾಡೀರಿ," ಅಂದೆ.
ಗಟ್ಟಿಯಾಗಿಯೇ ಅಂದೆನೇನೋ;
ಪಿಎಚ್‌ಡಿಗಳು ತಲೆ ಎತ್ತಿದರು.

ಯತಿರಾಜ ಕಾರ್ಡು ನೋಡಿದ, ಮೂಲೆ ನೋಡಿದ,
ಮೇಲೆ ಕ್ಯಾಮೆರಾ ನೋಡಿದ.
"ನನ್ನ ಬುತ್ತ್ಯಾಗ ರೊಟ್ಟಿ ಐತಿ."
"ಹುಳ ಬರುತ್ತಮ್ಮ," ಅಂದ, ಹುಳವೂ ತನ್ನದೇ ತಪ್ಪು ಎಂಬಂತೆ,
"ಪಕ್ಕದ ಪೆಟ್ಟಿಗೇಲೂ ಯಾರದೋ ಅಮ್ಮ ಹೊಲಿದದ್ದಿದೆ."
ಅದೂ ಖರೆ.
ಮೂರು ಪದರ ಕಾಗದ ನಾನೇ ಹೊದಿಸಿದೆ.

ಬಿಲ್ಲೆ ಕೊಟ್ಟು, ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆ.
ಕಡಕ್ ರೊಟ್ಟಿ, ಶೇಂಗಾ ಚಟ್ನಿ,
ಮಧ್ಯಾಹ್ನದಲ್ಲೂ ಬಿಡದ ಬೆಂಗಳೂರಿನ ಸಣ್ಣ ಚಳಿ.
ಒಂದು ಯತಿರಾಜನಿಗೆ, ಒಂದು ಬಾಗಿಲ ಹುಡುಗನಿಗೆ.
"ನೀವರೆ ತಿನ್ರಿ."
ರೊಟ್ಟಿ ಮುರಿದ ಸದ್ದಿಗೆ ಒಳಗಿಂದ ಯಾರೋ ಕಿಟಕಿಗೆ ಬಂದರು.

ಹೊರಟ ವೇಳೆ ಬರೆಯಬೇಕಿತ್ತು. ಬರೆದೆ.
ಹಾಳೆಗಳ ನಡುವಿನ ಸಂದಿಗೆ
ಒಂದಿಷ್ಟು ರೊಟ್ಟಿಯ ಪುಡಿ ಉದುರಿತು.
ಹುಡುಗನ ಬಾಯಿ ತುಂಬಿತ್ತು, ಅವನು ನೋಡಲಿಲ್ಲ.
ರಿಜಿಸ್ಟರು ಮುಚ್ಚಿದ.